ಡೀಸೆಲ್ ಲಾರಿಯ ಇಂಧನ ಪಂಪು: ವೈಫಲ್ಯದ ಕಾರಣನಿರ್ಣಯವೂ ವಾರಂಟಿಯ ನಿರಾಕರಣೆಯೂ

ಬೆಂಗಳೂರಿನ ಪಶ್ಚಿಮ ಭಾಗಕ್ಕೂ ಲಾರಿಗಳಿಗೂ ಇರುವ ಸಂಬಂಧ ಬಹುಕಾಲದ್ದು. ಯಶವಂತಪುರದ ಮಾರುಕಟ್ಟೆ ಪ್ರಾಂಗಣ, ಪೀಣ್ಯದ ಕಾರ್ಖಾನೆಗಳು, ರಾಜಾಜಿನಗರದ ಕೈಗಾರಿಕಾ ವಸಾಹತು, ಮಾಗಡಿ ರಸ್ತೆ, ಕೆಂಗೇರಿಯ ಮೇಲೆ ಹಾದುಹೋಗುವ ಮೈಸೂರು ರಸ್ತೆ, ಇವೆಲ್ಲವೂ ಸರಕು ಸಾಗಣೆಯನ್ನು ನೆಚ್ಚಿಕೊಂಡಿರುವ ಸ್ಥಳಗಳು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಸಾಲಮಾಡಿ ಕೊಂಡ ಒಂದೇ ಲಾರಿಯ ಸಂಪಾದನೆಯಿಂದ ಮನೆ ನಡೆಸುವ ಕುಟುಂಬಗಳುಂಟು. ಅಂತಹ ಲಾರಿ ಒಂದು ತಿಂಗಳು ನಿಂತರೆ ಸಾಲದ ಕಂತು ನಿಲ್ಲುವುದಿಲ್ಲ. ದುಡಿಮೆ ಮಾತ್ರ ನಿಲ್ಲುತ್ತದೆ.

ಇಂತಹ ಲಾರಿಯೊಂದರ ಇಂಧನ ಪಂಪು ವಾರಂಟಿಯ ಅವಧಿಯೊಳಗೇ ಕೆಟ್ಟಿತೆಂದು ಭಾವಿಸೋಣ. ಮಾಲೀಕನು ಗಾಡಿಯನ್ನು ಎಳೆಸಿಕೊಂಡು ಕಂಪೆನಿಯ ಸರ್ವಿಸ್ ಕೇಂದ್ರಕ್ಕೆ ಒಯ್ಯುತ್ತಾನೆ. ಪಂಪನ್ನು ಬಿಚ್ಚಿ ನೋಡಿದವರು, “ಡೀಸೆಲಿನಲ್ಲಿ ಕಲ್ಮಷವಿದೆ, ಆದಕಾರಣ ವಾರಂಟಿ ಅನ್ವಯಿಸುವುದಿಲ್ಲ” ಎಂದು ತಿಳಿಸುತ್ತಾರೆ. ಮಾಲೀಕನು ಬಂಕಿಗೆ ಹೋದರೆ, “ಅದೇ ದಿನ ಎಷ್ಟೋ ಗಾಡಿಗಳಿಗೆ ಅದೇ ಡೀಸೆಲ್ ಹಾಕಿದ್ದೇವೆ, ಬೇರೆ ಯಾರೂ ದೂರಿಲ್ಲ” ಎಂಬ ಉತ್ತರ ದೊರೆಯುತ್ತದೆ. ಈ ಎರಡು ಉತ್ತರಗಳ ನಡುವೆ ಆತನು ತನ್ನ ಬಿಚ್ಚಿಟ್ಟ ಎಂಜಿನಿನೊಡನೆ ಉಳಿಯುತ್ತಾನೆ.

ಪಂಪು ಕೆಟ್ಟಿತೆಂಬುದರಲ್ಲಿ ಇಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಕೆಡಿಸಿದ್ದು ಯಾವುದು, ಲೋಹವೋ ಇಂಧನವೋ ಎಂಬುದೇ ವಿವಾದದ ತಿರುಳು. ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಬಗೆ ಹೇಗೆ, ಆ ಉತ್ತರವನ್ನು ಹೇಳಲು ಅಧಿಕಾರವುಳ್ಳವರು ಯಾರು ಎಂಬ ಎರಡು ವಿಷಯಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗುವುದು. ಮೊದಲನೆಯದು ಯಂತ್ರಶಾಸ್ತ್ರಕ್ಕೆ ಸೇರಿದುದು. ಎರಡನೆಯದು ಕಾನೂನಿಗೆ ಸೇರಿದುದು. ಒಂದನ್ನು ಬಿಟ್ಟು ಮತ್ತೊಂದನ್ನು ತಿಳಿದರೆ ಪ್ರಯೋಜನವಾಗದು.

1. ಪಂಪಿನ ಕಾರ್ಯ

ಪೆಟ್ರೋಲ್ ಎಂಜಿನಿನಲ್ಲಿರುವಂತೆ ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲನ್ನು ಅತಿ ಸೂಕ್ಷ್ಮ ತುಂತುರಾಗಿ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೀಗೆ ಚಿಮ್ಮಿಸಲು ಬೇಕಾದ ಒತ್ತಡವನ್ನು ಒದಗಿಸುವುದೇ ಇಂಧನ ಪಂಪಿನ ಕೆಲಸ. ರುಡಾಲ್ಫ್ ಡೀಸೆಲನ ಎಂಜಿನು 1897ರಲ್ಲಿಯೇ ಯಶಸ್ವಿಯಾಗಿ ನಡೆಯಿತಾದರೂ, ಆಗ ಇಂಧನವನ್ನು ಒಳಕ್ಕೆ ಊದಲು ಒತ್ತಿದ ಗಾಳಿಯ ಭಾರಿ ಯಂತ್ರಸಾಮಗ್ರಿ ಬೇಕಾಗಿದ್ದಿತು. ಜರ್ಮನಿಯ ರಾಬರ್ಟ್ ಬಾಷ್ ಸಂಸ್ಥೆಯು 1927ರಲ್ಲಿ ಚಿಕ್ಕ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಎಂಜಿನು ಲಾರಿಯನ್ನು ಏರಲು ಸಾಧ್ಯವಾಯಿತು.

ಬೆಂಗಳೂರಿಗೂ ಈ ಪಂಪಿಗೂ ಹಳೆಯ ನಂಟುಂಟು. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯು, ಜನರ ಬಾಯಿಯ ‘ಮೈಕೋ’, ಬಾಷ್ ಸಂಸ್ಥೆಯ ಸಹಯೋಗದಿಂದ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಇಂಜೆಕ್ಷನ್ ಪಂಪುಗಳನ್ನೂ ತಯಾರಿಸಲು ಆರಂಭಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಸಿಗುವ ಬಿಡದಿಯಲ್ಲಿ 2015ರಲ್ಲಿ ಅದರ ಹೊಸ ಕಾರ್ಖಾನೆ ತೆರೆಯಿತು. ನಗರದ ಅನೇಕ ಮೆಕ್ಯಾನಿಕ್‌ಗಳು ಪಂಪಿನ ವಿದ್ಯೆಯನ್ನು ಕಲಿತುದು ಈ ಹಳೆಯ ಪಂಪುಗಳ ಮೇಲೆಯೇ.

ಆ ಹಳೆಯ ಪಂಪಿನಲ್ಲಿ ಪ್ರತಿಯೊಂದು ಸಿಲಿಂಡರಿಗೂ ಒಂದೊಂದು ‘ಎಲಿಮೆಂಟ್’, ಎಂದರೆ ಬ್ಯಾರೆಲ್ ಮತ್ತು ಅದರೊಳಗೆ ಮೇಲೆ ಕೆಳಗೆ ಆಡುವ ಪ್ಲಂಜರ್, ಇರುತ್ತಿದ್ದಿತು. ಒಂದು ಎಲಿಮೆಂಟ್ ಸವೆದರೆ ಅದನ್ನು ಬದಲಾಯಿಸಿ, ಪರೀಕ್ಷಾ ಬೆಂಚಿನ ಮೇಲೆ ಪಂಪನ್ನು ಕ್ಯಾಲಿಬ್ರೇಟ್ ಮಾಡಿ ಗಾಡಿಗೆ ಕೂರಿಸಿದರೆ ಆಯಿತು. ತೊಂದರೆಯು ಪಂಪಿನಲ್ಲಿ ಹುಟ್ಟಿ ಪಂಪಿನಲ್ಲಿಯೇ ಮುಗಿಯುತ್ತಿದ್ದಿತು.

ಕಾಮನ್ ರೇಲ್ ಪದ್ಧತಿಯು ಈ ಸ್ಥಿತಿಯನ್ನು ಬದಲಾಯಿಸಿತು. 1997ರಲ್ಲಿ ಕಾರುಗಳಲ್ಲಿ ಮೊದಲು ಬಳಕೆಗೆ ಬಂದ ಈ ಪದ್ಧತಿಯಲ್ಲಿ ಒಂದೇ ಪಂಪು ಇಂಧನವನ್ನು ‘ರೇಲ್’ ಎಂಬ ದಪ್ಪ ಉಕ್ಕಿನ ಕೊಳವೆಗೆ ತುಂಬಿ ಒತ್ತಡದಲ್ಲಿಡುತ್ತದೆ. ಅಲ್ಲಿಂದ ಎಲ್ಲ ಇಂಜೆಕ್ಟರುಗಳಿಗೂ ಹಂಚಿಕೆಯಾಗುತ್ತದೆ. ಯಾವಾಗ, ಎಷ್ಟು ಚಿಮ್ಮಬೇಕೆಂಬುದನ್ನು ವಿದ್ಯುನ್ಮಾನ ಘಟಕವು ನಿರ್ಧರಿಸುತ್ತದೆ. ಒತ್ತಡವು 1,600 ಬಾರ್ ಮತ್ತು ಅದಕ್ಕೂ ಮೀರಿರುವುದುಂಟು. ಎಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 1,600 ಕಿಲೋಗ್ರಾಂ ಭಾರ. ಇಷ್ಟು ಒತ್ತಡದಲ್ಲಿ ಇಂಧನ ಸೋರದಂತೆ ತಡೆಯಲು ಪ್ಲಂಜರಿಗೂ ಅದರ ಗೂಡಿಗೂ ನಡುವೆ ಕೆಲವೇ ಮೈಕ್ರಾನುಗಳ ಎಡೆಯನ್ನು ಮಾತ್ರ ಬಿಟ್ಟಿರುತ್ತಾರೆ. ಮನುಷ್ಯನ ತಲೆಗೂದಲ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಈ ಎಡೆ ಎಷ್ಟು ಕಿರಿದೆಂಬುದು ವಾಚಕರಿಗೆ ಮನದಟ್ಟಾಗುವುದು. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್-6 ನಿಯಮಗಳ ತರುವಾಯದ ಲಾರಿಗಳಲ್ಲಿ ಈ ಪದ್ಧತಿಯೇ ರೂಢಿಯಾಗಿದೆ.

ಈ ಪದ್ಧತಿಯಲ್ಲಿ ಪಂಪು ಸವೆದರೆ ಉಕ್ಕಿನ ಪುಡಿಯು ರೇಲಿಗೂ ಅಲ್ಲಿಂದ ಎಲ್ಲ ಇಂಜೆಕ್ಟರುಗಳಿಗೂ ಹೋಗುತ್ತದೆ; ಉಳಿದ ಇಂಧನದೊಡನೆ ಹಿಂತಿರುಗುವ ಕೊಳವೆಯ ಮೂಲಕ ಟ್ಯಾಂಕಿಗೂ ಸೇರುತ್ತದೆ. ಆದುದರಿಂದ ಪಂಪೊಂದನ್ನೇ ಬದಲಾಯಿಸಿದರೆ ಸಾಲದು; ರೇಲು, ಇಂಜೆಕ್ಟರುಗಳು, ಕೊಳವೆಗಳನ್ನು ಸಹ ಬದಲಾಯಿಸಿ ಟ್ಯಾಂಕನ್ನು ತೊಳೆಯಬೇಕಾಗುತ್ತದೆ. ಸಾವಿರಗಳಲ್ಲಿ ಮುಗಿಯುತ್ತಿದ್ದ ದುರಸ್ತಿಯು ಲಕ್ಷಗಳ ಲೆಕ್ಕಕ್ಕೆ ಏರಲು ಇದೇ ಕಾರಣ. ವಾರಂಟಿಯ ವಿವಾದಗಳು ತೀಕ್ಷ್ಣವಾಗಲೂ ಇದೇ ಕಾರಣ.

2. ಡೀಸೆಲಿನ ಕೀಲೆಣ್ಣೆ ಗುಣ

ಪಂಪಿನ ಪ್ಲಂಜರಿಗೆ ಬೇರೆ ಎಣ್ಣೆ ಹಾಕುವಂತಿಲ್ಲ. ಹಾಯ್ದುಹೋಗುವ ಡೀಸೆಲೇ ಅದಕ್ಕೆ ಕೀಲೆಣ್ಣೆಯೂ ಆಗಬೇಕು. ಹಳೆಯ ಪಂಪಿನಲ್ಲಿ ಕೆಳಗಿನ ಕ್ಯಾಮ್ ಭಾಗಕ್ಕಾದರೂ ಪ್ರತ್ಯೇಕವಾಗಿ ಎಂಜಿನ್ ಆಯಿಲಿನ ಆಸರೆ ಇರುತ್ತಿದ್ದಿತು. ಕಾಮನ್ ರೇಲ್ ಪಂಪುಗಳ ಅನೇಕ ಮಾದರಿಗಳಲ್ಲಿ ಕ್ಯಾಮ್, ಉರುಳೆ, ಬೇರಿಂಗ್ ಎಲ್ಲವೂ ಡೀಸೆಲಿನಲ್ಲಿಯೇ ಮುಳುಗಿರುತ್ತವೆ. ಭಾರಿ ವಾಹನಗಳ ಕೆಲವು ಮಾದರಿಗಳಲ್ಲಿ ಮಾತ್ರ ಎಂಜಿನ್ ಆಯಿಲಿನ ವ್ಯವಸ್ಥೆಯುಂಟು. ಕೆಟ್ಟ ಪಂಪನ್ನು ಕುರಿತು ವಾದಿಸುವ ಮುನ್ನ ಅದು ಈ ಎರಡರಲ್ಲಿ ಯಾವ ಬಗೆಯದೆಂದು ತಿಳಿಯುವುದು ಅವಶ್ಯಕ. ಎಂಜಿನ್ ಆಯಿಲಿನಲ್ಲಿ ತಿರುಗುವ ಕ್ಯಾಮು ಸವೆದಿರುವಲ್ಲಿ ಆ ಸವೆತದ ತಪ್ಪನ್ನು ನೇರವಾಗಿ ಡೀಸೆಲಿನ ಮೇಲೆ ಹೊರಿಸುವುದು ಸುಲಭವಲ್ಲ.

ಡೀಸೆಲಿನ ಕೀಲೆಣ್ಣೆ ಗುಣವನ್ನು ಅಳೆಯಲು ಒಂದು ಸರಳ ಪರೀಕ್ಷೆಯಿದೆ. 6 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು 200 ಗ್ರಾಂ ಭಾರದೊಡನೆ ಉಕ್ಕಿನ ಬಿಲ್ಲೆಯ ಮೇಲಿಟ್ಟು, ಎರಡನ್ನೂ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಡೀಸೆಲಿನಲ್ಲಿ ಮುಳುಗಿಸಿ, ಸೆಕೆಂಡಿಗೆ 50 ಬಾರಿಯಂತೆ 75 ನಿಮಿಷ ಉಜ್ಜುತ್ತಾರೆ. ಒಟ್ಟು 2,25,000 ಸಲ ಉಜ್ಜಿದ ಬಳಿಕ ಗುಂಡಿನ ಮೇಲೆ ಉಂಟಾದ ಸವೆತದ ಗುರುತನ್ನು ಸೂಕ್ಷ್ಮದರ್ಶಕದಿಂದ ಅಳೆಯುತ್ತಾರೆ. ಗುರುತು ದೊಡ್ಡದಾದಷ್ಟೂ ಇಂಧನದ ಕೀಲೆಣ್ಣೆ ಗುಣ ಕಡಿಮೆಯೆಂದು ಅರ್ಥ. ಭಾರತೀಯ ಮಾನಕ ಐಎಸ್ 1460ರ ಪ್ರಕಾರ ಈ ಗುರುತು 460 ಮೈಕ್ರಾನ್ ಮೀರಕೂಡದು. ಐರೋಪ್ಯ ಮಾನಕದ ಮಿತಿಯೂ ಇದೇ. ಅಮೆರಿಕದಲ್ಲಿ ಮಾತ್ರ 520 ಮೈಕ್ರಾನಿನವರೆಗೆ ಅವಕಾಶವಿದೆ.

ಗಂಧಕವನ್ನು ತೆಗೆದುದರಿಂದ ಡೀಸೆಲ್ ‘ಒಣಗಿತು’ ಎಂಬ ಮಾತು ಕಾರ್ಯಾಗಾರಗಳಲ್ಲಿ ಪ್ರಚಲಿತವಾಗಿದೆ. ಇದರಲ್ಲಿ ಅರ್ಧ ಸತ್ಯವಿದೆ. 1990ರ ದಶಕದ ಆದಿಯಲ್ಲಿ ನಮ್ಮ ಡೀಸೆಲಿನಲ್ಲಿ ಶೇಕಡ 1ರವರೆಗೆ ಗಂಧಕಕ್ಕೆ ಅವಕಾಶವಿದ್ದಿತು. ಎಂದರೆ ಕಿಲೋಗ್ರಾಮಿಗೆ 10,000 ಮಿಲಿಗ್ರಾಂ. 2017ರಲ್ಲಿ ದೇಶಾದ್ಯಂತ ಅದು 50ಕ್ಕೂ 2020ರಲ್ಲಿ 10ಕ್ಕೂ ಇಳಿಯಿತು. ಆದರೆ ಲೋಹವನ್ನು ಕಾಪಾಡುತ್ತಿದ್ದುದು ಮುಖ್ಯವಾಗಿ ಗಂಧಕವಲ್ಲ. ಆಮ್ಲಜನಕ, ಸಾರಜನಕಗಳನ್ನೊಳಗೊಂಡ ಕೆಲವು ಸಂಯುಕ್ತಗಳು ಲೋಹದ ಮೈಗೆ ಅಂಟಿಕೊಂಡು ತೆಳುವಾದ ಪೊರೆಯನ್ನು ಉಂಟುಮಾಡುತ್ತಿದ್ದುವು. ಗಂಧಕವನ್ನು ನೀಗಿಸಲು ಡೀಸೆಲನ್ನು ಜಲಜನಕದೊಡನೆ ಸಂಸ್ಕರಿಸುವಾಗ ಇವೂ ನಾಶವಾಗುತ್ತವೆ. ಈ ಕೊರತೆಯನ್ನು ತುಂಬಲು ಸಂಸ್ಕರಣಾಗಾರಗಳಲ್ಲಿ ಬೇರೆ ಮಿಶ್ರಕಗಳನ್ನು ಸೇರಿಸುತ್ತಾರೆ. ಆದಕಾರಣ ಮಾನಕಕ್ಕೆ ಅನುಗುಣವಾದ ಡೀಸೆಲ್ ಗಂಧಕವಿಲ್ಲದೆಯೂ ಪಂಪನ್ನು ಕಾಪಾಡಬಲ್ಲದು. ‘ಈಗಿನ ಡೀಸೆಲೇ ಹೀಗೆ’ ಎಂಬುದು ಪಂಪು ಕೆಟ್ಟುದಕ್ಕೆ ಸಾಕಾದ ಸಮಾಧಾನವಲ್ಲ. ಏಕೆಂದರೆ ಈಗಿನ ಡೀಸೆಲಿಗಾಗಿಯೇ ಈಗಿನ ಪಂಪನ್ನು ರಚಿಸಿ ಮಾರಲಾಗಿದೆ.

ಮಾನಕವು ನೀರಿಗೂ ಕಸಕ್ಕೂ ಮಿತಿ ವಿಧಿಸಿದೆ. ಒಂದು ಕಿಲೋಗ್ರಾಂ ಡೀಸೆಲಿನಲ್ಲಿ 200 ಮಿಲಿಗ್ರಾಮಿಗಿಂತ ಹೆಚ್ಚು ನೀರೂ 24 ಮಿಲಿಗ್ರಾಮಿಗಿಂತ ಹೆಚ್ಚು ಘನಕಲ್ಮಷವೂ ಇರಕೂಡದು. 200 ಲೀಟರಿನ ಟ್ಯಾಂಕಿಗೆ ಲೆಕ್ಕಹಾಕಿದರೆ, ನೀರು ಸುಮಾರು 33 ಗ್ರಾಂ, ಕಸ ಸುಮಾರು 4 ಗ್ರಾಂ. ಬೆಂಗಳೂರಿಗೆ ಬರುವ ಡೀಸೆಲಿನ ಒಂದು ಭಾಗವು ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಸುಮಾರು 362 ಕಿಲೋಮೀಟರಿನ ಕೊಳವೆಮಾರ್ಗದಲ್ಲಿ ಹೊಸಕೋಟೆಯ ಬಳಿಯ ದೇವನಗುಂದಿಗೆ ತಲುಪಿ, ಅಲ್ಲಿಂದ ಟ್ಯಾಂಕರುಗಳಲ್ಲಿ ಬಂಕುಗಳ ನೆಲದಡಿಯ ತೊಟ್ಟಿಗಳಿಗೆ ಇಳಿಯುತ್ತದೆ. ಸಂಸ್ಕರಣಾಗಾರದಲ್ಲಿ ಶುದ್ಧವಾಗಿದ್ದ ಇಂಧನವು ಈ ದಾರಿಯ ಯಾವುದೇ ಹಂತದಲ್ಲಿ ನೀರು ಸೇರಿ ಕೆಡಬಹುದು. ಮಳೆಗಾಲದಲ್ಲಿ ನೆಲದಡಿಯ ತೊಟ್ಟಿಯ ಮುಚ್ಚಳವೊಂದು ಸಡಿಲವಾಗಿದ್ದರೆ ಸಾಕು. ಲಾರಿಯ ಟ್ಯಾಂಕು ಅರ್ಧ ಖಾಲಿಯಿದ್ದು ರಾತ್ರಿಯ ತಂಪಿನಲ್ಲಿ ಒಳಗಿನ ತೇವ ಹನಿಗಟ್ಟುವುದೂ ಉಂಟು. ಇವುಗಳ ಜೊತೆಗೆ ಸೀಮೆಎಣ್ಣೆಯ ಕಲಬೆರಕೆ, ಬಿಡಿಯಾಗಿ ಮಾರುವ ‘ಬಯೋಡೀಸೆಲ್’, ನಕಲಿ ಫಿಲ್ಟರು, ಇವೆಲ್ಲವೂ ನಿಜವಾದ ಅಪಾಯಗಳೇ. ತಯಾರಕರು ಇಂಧನವನ್ನು ಶಂಕಿಸುವುದು ಪ್ರತಿಬಾರಿಯೂ ನೆಪವೆಂದು ಹೇಳಲಾಗದು.

3. ಲೋಹದ ಮೇಲಿನ ಗುರುತುಗಳು

ಹೀಗಿರುವಲ್ಲಿ ಕಾರಣವನ್ನು ಗುರುತಿಸುವುದು ಹೇಗೆ? ಕೆಟ್ಟ ಪಂಪಿನ ಭಾಗಗಳೇ ಬಹುಮಟ್ಟಿಗೆ ಸಾಕ್ಷಿ ಹೇಳುತ್ತವೆ. ಪ್ಲಂಜರಿನ ಉದ್ದಕ್ಕೂ ಸಮಾನಾಂತರವಾದ ಸೂಕ್ಷ್ಮ ಗೀರುಗಳಿದ್ದರೆ ಮರಳು, ಧೂಳುಗಳಂತಹ ಕಠಿಣ ಕಣಗಳು ನುಗ್ಗಿರಬೇಕು. ತುಕ್ಕಿನ ಕಲೆಗಳೂ ಕೊರೆದಂತಹ ಕುಳಿಗಳೂ ನೀರನ್ನು ಸೂಚಿಸುತ್ತವೆ. ಎರಡು ಮೈಗಳು ಒಂದಕ್ಕೊಂದು ಅಂಟಿ ಕಿತ್ತುಬಂದಂತಿದ್ದು ಶಾಖದಿಂದ ನೀಲಿಗಟ್ಟಿದ್ದರೆ ಕೀಲೆಣ್ಣೆಯ ಪೊರೆ ತಪ್ಪಿದೆಯೆಂದು ತಿಳಿಯಬೇಕು. ಇದು ಸೀಮೆಎಣ್ಣೆ ಬೆರೆತ ತೆಳು ಇಂಧನದಿಂದ ಆಗಬಹುದು, ಟ್ಯಾಂಕು ಬರಿದಾಗಿ ಪಂಪು ಒಣಗಿ ನಡೆದುದರಿಂದಲೂ ಆಗಬಹುದು. ಕ್ಯಾಮ್ ಅಥವಾ ಉರುಳೆಯ ಮೈಯಿಂದ ಉಕ್ಕು ಹಕ್ಕಳೆಯಂತೆ ಎದ್ದಿದ್ದರೆ ಲೋಹದ ಆಯಾಸವನ್ನೂ, ಹದ ಹಾಕುವುದರಲ್ಲಿ ಆಗಿರಬಹುದಾದ ಕುಂದನ್ನೂ ಪರಿಶೀಲಿಸಬೇಕು. ಒಂದೇ ಪಕ್ಕದಲ್ಲಿ ಸವೆತವಿದ್ದರೆ ಜೋಡಣೆ ಓರೆಯಾಗಿದ್ದುದರ ಕುರುಹು ಅದು.

ಆದರೆ ಇಲ್ಲಿ ಎರಡು ಬಗೆಯ ಭ್ರಾಂತಿಗೆ ಆಸ್ಪದವಿದೆ. ಇವನ್ನು ಬಿಡಿಸಿ ಹೇಳುವುದೇ ಈ ಲೇಖನದ ಮುಖ್ಯ ಉದ್ದೇಶ.

ಮೊದಲನೆಯದು ‘ಕಲ್ಮಷ’ ಎಂಬ ಮಾತಿನದು. ಟ್ಯಾಂಕಿನ ತಳದಲ್ಲಿಯೂ ಫಿಲ್ಟರಿನಲ್ಲಿಯೂ ಮಿನುಗುವ ಕಣಗಳನ್ನು ತೋರಿಸಿ “ಇಂಧನ ಕಲುಷಿತ” ಎಂದು ಬರೆಯುವುದುಂಟು. ಆದರೆ ಮೇಲೆ ಹೇಳಿದಂತೆ, ಸವೆಯುತ್ತಿರುವ ಪಂಪು ತಾನೇ ಉಕ್ಕಿನ ಪುಡಿಯನ್ನು ಉದುರಿಸಿ ಹಿಂತಿರುಗುವ ಕೊಳವೆಯಿಂದ ಟ್ಯಾಂಕಿಗೆ ಕಳುಹಿಸುತ್ತದೆ. ಅದೇ ಪುಡಿ ಮರಳಿ ಫಿಲ್ಟರಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಆದುದರಿಂದ ಟ್ಯಾಂಕಿನಲ್ಲಿ ಲೋಹದ ಪುಡಿ ಸಿಕ್ಕಿತೆಂಬುದು ಅದು ಬಂಕಿನಿಂದ ಬಂದಿತೆಂಬುದಕ್ಕೆ ಪ್ರಮಾಣವಾಗದು. ರೋಗದ ಫಲವನ್ನೇ ರೋಗದ ಕಾರಣವೆಂದು ಓದಿದಂತಾಗುತ್ತದೆ. ಈ ಸಂದೇಹವನ್ನು ಬಗೆಹರಿಸುವುದು ಕಷ್ಟವೇನೂ ಅಲ್ಲ. ಹೊರಗಿನಿಂದ ಬಂದ ಧೂಳಿನಲ್ಲಿ ಸಿಲಿಕಾನ್ ಹೆಚ್ಚಾಗಿರುತ್ತದೆ; ಪಂಪಿನಿಂದ ಉದುರಿದುದರಲ್ಲಿ ಕಬ್ಬಿಣವೂ ಅದರೊಡನೆ ಕ್ರೋಮಿಯಂ ಮುಂತಾದ ಮಿಶ್ರಲೋಹದ ಧಾತುಗಳೂ ಇರುತ್ತವೆ. ಪ್ರಯೋಗಾಲಯದ ಧಾತು ವಿಶ್ಲೇಷಣೆಯಿಂದ ಎರಡನ್ನೂ ಬೇರ್ಪಡಿಸಬಹುದು. ಕಣಗಳನ್ನು ಹೀಗೆ ಪರೀಕ್ಷಿಸದೆ ಕಣ್ಣಳತೆಯಲ್ಲಿ ಬರೆದ ‘ಕಲ್ಮಷ’ ಎಂಬ ಷರಾವು ಅರ್ಧ ವಾಕ್ಯವೇ ಹೊರತು ನಿರ್ಣಯವಲ್ಲ.

ಎರಡನೆಯದು ತುಕ್ಕಿಗೆ ಸಂಬಂಧಿಸಿದುದು. ಉಜ್ಜಿ ನುಣುಪುಗೊಳಿಸಿದ ಉಕ್ಕಿನ ಮೇಲೆ ಡೀಸೆಲಿನ ಪೊರೆ ಇರುವವರೆಗೆ ತುಕ್ಕು ಹಿಡಿಯದು. ಪಂಪನ್ನು ಬಿಚ್ಚಿ ಮೇಜಿನ ಮೇಲೆ ವಾರಗಟ್ಟಲೆ ತೆರೆದಿಟ್ಟರೆ, ಮಳೆಗಾಲದ ತೇವದಲ್ಲಿ ಹೊಸ ತುಕ್ಕು ಕಾಣಿಸಿಕೊಳ್ಳುತ್ತದೆ. ತಿಂಗಳ ಬಳಿಕ ಬಂದ ಪರೀಕ್ಷಕನು ಅದನ್ನು ನೋಡಿ ಇಂಧನದಲ್ಲಿ ನೀರಿತ್ತೆಂದು ತೀರ್ಮಾನಿಸಿದರೆ, ಆತನು ಪ್ರಾಮಾಣಿಕನಾಗಿದ್ದೂ ತಪ್ಪಿದಂತಾಗುತ್ತದೆ. ಹೊಸ ತುಕ್ಕು ಮೇಲ್ಮೈಯಲ್ಲಿ ತೆಳುವಾಗಿ ಹರಡಿರುತ್ತದೆ; ಓಡುವ ಪಂಪಿನಲ್ಲಿ ನೀರು ಮಾಡಿದ ಕೊರೆತವು ಆಳವಾಗಿದ್ದು ಉಜ್ಜುವ ಜಾಗಗಳಲ್ಲಿ ಕಾಣುತ್ತದೆ. ಬಿಚ್ಚಿದ ದಿನವೇ ತೆಗೆದ ಛಾಯಾಚಿತ್ರವಿದ್ದರೆ ಈ ವಿವಾದವೇ ಹುಟ್ಟುವುದಿಲ್ಲ. ಇಷ್ಟಲ್ಲದೆ, ಈಚಿನ ಅನೇಕ ಲಾರಿಗಳಲ್ಲಿ ಇಂಧನದ ನೀರನ್ನು ಪತ್ತೆಹಚ್ಚುವ ಸಂವೇದಕವಿದ್ದು, ಎಚ್ಚರಿಕೆಗಳು ವಿದ್ಯುನ್ಮಾನ ಘಟಕದಲ್ಲಿ ದಾಖಲಾಗುತ್ತವೆ. ಆ ದಾಖಲೆಯಲ್ಲಿ ನೀರಿನ ಎಚ್ಚರಿಕೆ ಇದ್ದಿತೇ ಇಲ್ಲವೇ ಎಂಬುದು ಉಭಯಪಕ್ಷಗಳಿಗೂ ಸಮಾನವಾದ ಸಾಕ್ಷ್ಯ.

4. ಅಮೆರಿಕದ ನಿದರ್ಶನ

ಮೊದಲು ಹೇಳಿದ ಭ್ರಾಂತಿಯು ಕೇವಲ ಊಹೆಯದಲ್ಲ. ಅಮೆರಿಕದಲ್ಲಿ ‘ಸಿಪಿ-4’ ಎಂಬ ಬಾಷ್ ಮಾದರಿಯ ಪಂಪನ್ನು ಅಳವಡಿಸಿದ ಪಿಕಪ್ ಟ್ರಕ್ಕುಗಳ ವಿಷಯದಲ್ಲಿ 2018ರಿಂದೀಚೆಗೆ ಫೋರ್ಡ್, ಜನರಲ್ ಮೋಟಾರ್ಸ್ ಮುಂತಾದ ತಯಾರಕರ ವಿರುದ್ಧ ಹೂಡಲಾದ ಸಾಮೂಹಿಕ ಮೊಕದ್ದಮೆಗಳಲ್ಲಿ ಇದೇ ಪ್ರಶ್ನೆ ಎದ್ದಿತು. ಈ ಪಂಪಿನಲ್ಲಿ ಕ್ಯಾಮಿನ ಮೇಲೆ ಉರುಳೆಯೊಂದು ಉರುಳುತ್ತ ಪ್ಲಂಜರನ್ನು ಒತ್ತುತ್ತದೆ. ಉರುಳೆಯನ್ನು ಹೊತ್ತ ಭಾಗವು ತನ್ನ ಅಕ್ಷದ ಮೇಲೆ ತಿರುಗಿಬಿಟ್ಟರೆ ಉರುಳೆಯು ಕ್ಯಾಮಿಗೆ ಅಡ್ಡಲಾಗಿ ನಿಂತು, ಉರುಳುವ ಬದಲು ಉಜ್ಜತೊಡಗುತ್ತದೆ; ಉಕ್ಕು ಪುಡಿಯಾಗಿ ಎಲ್ಲೆಡೆಗೂ ಹರಡುತ್ತದೆ. 520 ಮೈಕ್ರಾನಿನ ಮಿತಿಯುಳ್ಳ ಅಮೆರಿಕದ ಡೀಸೆಲಿಗೆ ಈ ರಚನೆ ತಕ್ಕುದಲ್ಲವೆಂದೂ, ಪಂಪು ತಾನೇ ಉದುರಿಸಿದ ಲೋಹವನ್ನು ‘ಇಂಧನ ಕಲ್ಮಷ’ವೆಂದು ಕರೆದು ವಾರಂಟಿಯನ್ನು ನಿರಾಕರಿಸಲಾಯಿತೆಂದೂ ವಾದಿಗಳು ಆರೋಪಿಸಿದರು. ತಯಾರಕರು ಇದನ್ನು ಅಲ್ಲಗಳೆದರು. 2021ರ ನವೆಂಬರಿನಲ್ಲಿ ರ‍್ಯಾಮ್ ಟ್ರಕ್ಕುಗಳ ತಯಾರಕರು 2019 ಮತ್ತು 2020ನೆಯ ವರ್ಷಗಳ ಮಾದರಿಯ ಎರಡು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಪಂಪು ಬದಲಾಯಿಸಲು ಹಿಂದಕ್ಕೆ ಕರೆದರು. 2024ರಲ್ಲಿ ಜನರಲ್ ಮೋಟಾರ್ಸ್ ಮೊಕದ್ದಮೆಯೊಂದು 5 ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯಿತು, ಅದರಲ್ಲಿ ತಪ್ಪೊಪ್ಪಿಗೆಯಿರಲಿಲ್ಲ.

ಈ ನಿದರ್ಶನವನ್ನು ನಮ್ಮಲ್ಲಿಗೆ ಹಾಗೆಯೇ ಎಳೆದು ತರುವುದು ಸರಿಯಲ್ಲ. ಅಲ್ಲಿಯ ವಾಹನಗಳು ಬೇರೆ. ನಮ್ಮ ಮಾನಕದ ಮಿತಿ 460 ಮೈಕ್ರಾನ್ ಆದುದರಿಂದ ಇಂಧನವನ್ನು ಕುರಿತ ವಾದವೂ ಬೇರೆಯಾಗುತ್ತದೆ. ನಾವು ಇದರಿಂದ ಕಲಿಯತಕ್ಕ ಪಾಠ ಒಂದೇ: ಟ್ಯಾಂಕಿನಲ್ಲಿ ಲೋಹವಿದೆಯೆಂಬ ಒಂದೇ ಸಂಗತಿಯಿಂದ ಕಾರಣ ನಿಶ್ಚಯವಾಗುವುದಿಲ್ಲ. ಸಾವಿರಾರು ಮಾಲೀಕರು ಒಟ್ಟುಗೂಡಿದ ಮೇಲೆ ಅಲ್ಲಿ ಈ ಮಾತು ಕೇಳಿಬಂದಿತು; ಒಂದೇ ಲಾರಿಯ ಒಡೆಯನು ಒಂಟಿಯಾಗಿ ಹೇಳಿದಾಗ ಅದನ್ನು ಕೇಳುವವರು ವಿರಳ.

5. ವಾರಂಟಿ ಮತ್ತು ಕಾನೂನು

ವಾರಂಟಿ ಎಂಬ ಮಾತಿಗೆ ವ್ಯವಹಾರದಲ್ಲಿ ಒಂದು ಅರ್ಥ, ಕಾನೂನಿನಲ್ಲಿ ಮತ್ತೊಂದು. 1930ರ ಸರಕು ಮಾರಾಟ ಅಧಿನಿಯಮದ 12ನೆಯ ಪ್ರಕರಣದ ಪ್ರಕಾರ ವಾರಂಟಿಯು ಕರಾರಿನ ಮುಖ್ಯ ಉದ್ದೇಶಕ್ಕೆ ಆನುಷಂಗಿಕವಾದ ಮಾತು; ಅದು ಮುರಿದರೆ ನಷ್ಟಪರಿಹಾರ ಕೇಳಬಹುದು, ಸರಕನ್ನು ತಿರಸ್ಕರಿಸುವಂತಿಲ್ಲ. ಆದರೆ ಅದೇ ಅಧಿನಿಯಮದ 16ನೆಯ ಪ್ರಕರಣವು, ಕೆಲವು ಸಂದರ್ಭಗಳಲ್ಲಿ, ಸರಕು ಉದ್ದೇಶಿತ ಕಾರ್ಯಕ್ಕೆ ತಕ್ಕುದಾಗಿರಬೇಕೆಂಬ ಷರತ್ತನ್ನು ಬರೆಯದಿದ್ದರೂ ಬರೆದಂತೆಯೇ ಭಾವಿಸುತ್ತದೆ. ತಯಾರಕರು ಕೊಡುವ ವಾರಂಟಿ ಪತ್ರವು ಇವೆರಡರ ಮೇಲೆ ಕಟ್ಟಿದ ಒಂದು ಖಾಸಗಿ ವಾಗ್ದಾನ. ಅಂತಹ ಅನೇಕ ಪತ್ರಗಳಲ್ಲಿ ಕಲಬೆರಕೆ ಇಂಧನದಿಂದಾದ ಹಾನಿಯನ್ನು ಹೊರಗಿಟ್ಟಿರುತ್ತಾರೆ. ಟೈರು, ಬ್ಯಾಟರಿಗಳಂತೆ ಇಂಧನ ಇಂಜೆಕ್ಷನ್ ಸಾಮಗ್ರಿಯೂ ಬೇರೆ ತಯಾರಕರದಾದುದರಿಂದ ಅವರ ವಾರಂಟಿಗೇ ಒಳಪಟ್ಟಿದೆಯೆಂದು ಬರೆದಿರುವುದೂ ಉಂಟು. ಹೀಗಾಗಿ ಮಾಲೀಕನು ಡೀಲರು, ಲಾರಿ ತಯಾರಕ, ಪಂಪು ತಯಾರಕ ಎಂಬ ಮೂರು ಬಾಗಿಲುಗಳಿಗೆ ಅಲೆಯಬೇಕಾಗುತ್ತದೆ. ಗಾಡಿ ಕೊಳ್ಳುವಾಗಲೇ ಈ ಒಂದು ವಾಕ್ಯವನ್ನು ಓದಿಕೊಂಡಿರುವುದು ಲೇಸು.

ಹೊರಗಿನ ಮೆಕ್ಯಾನಿಕ್ ಕೈಯಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿಯಾಗಿ ರದ್ದಾಗುವುದೆಂಬ ಭಯವೂ ಸಾಮಾನ್ಯ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ ತಿಂಗಳಿನಲ್ಲಿ 14 ಕಾರು ತಯಾರಕರಿಗೆ ಸಂಬಂಧಿಸಿ ನೀಡಿದ ಆದೇಶದಲ್ಲಿ, ಸ್ವತಂತ್ರ ದುರಸ್ತಿಗಾರರ ಬಳಿ ಹೋದುದಕ್ಕಾಗಿ ವಾರಂಟಿಯನ್ನು ಸಾರಾಸಗಟಾಗಿ ರದ್ದುಮಾಡುವ ಷರತ್ತನ್ನು ವಿಧಿಸಕೂಡದೆಂದು ಹೇಳಿತು. ಆ ಆದೇಶವು ಮೇಲ್ಮನವಿಗಳಿಗೆ ಒಳಗಾಯಿತು. ಅದು ಕಾರುಗಳಿಗೆ ಸಂಬಂಧಿಸಿದುದು, ಲಾರಿಗಳಿಗಲ್ಲ. ಆದರೂ ಅದರ ಹಿಂದಿನ ತರ್ಕ, ಎಂದರೆ ಹೊರಗಿನ ಕೆಲಸಕ್ಕೂ ಈಗಿನ ಹಾನಿಗೂ ಸಂಬಂಧ ತೋರಿಸಬೇಕೆಂಬುದು, ಇಲ್ಲಿಯೂ ಯೋಚಿಸತಕ್ಕದ್ದಾಗಿದೆ.

ಇನ್ನು ಗ್ರಾಹಕ ನ್ಯಾಯದ ವಿಷಯ. 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಸ್ಥಾನದಲ್ಲಿ 2020ರ ಜುಲೈ 20ರಿಂದ 2019ರ ಅಧಿನಿಯಮವು ಜಾರಿಗೆ ಬಂದಿದೆ. ವಾಣಿಜ್ಯ ಉದ್ದೇಶಕ್ಕಾಗಿ ಸರಕನ್ನು ಕೊಂಡವನು ಎರಡರಲ್ಲಿಯೂ ಗ್ರಾಹಕನಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲು ಮಾತ್ರವೇ ಕೊಂಡವನು ಗ್ರಾಹಕನು. ಲಾರಿಯ ಮಾಲೀಕನು ಇವೆರಡರಲ್ಲಿ ಯಾವ ವರ್ಗಕ್ಕೆ ಸೇರುತ್ತಾನೆ? ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯಲ್ಲಿ ಲಾರಿಯ ಉದಾಹರಣೆಯನ್ನೇ ಎತ್ತಿಕೊಂಡು ಇದನ್ನು ವಿವರಿಸಿತು. ತಾನೇ ಓಡಿಸಿ ಜೀವಿಸಲು ಲಾರಿ ಕೊಂಡವನು ಗ್ರಾಹಕನು; ಒಬ್ಬಿಬ್ಬರ ನೆರವು ಪಡೆದ ಮಾತ್ರಕ್ಕೆ ಆ ಸ್ಥಾನ ತಪ್ಪುವುದಿಲ್ಲ. ವಾಹನವನ್ನು ಸಂಪೂರ್ಣವಾಗಿ ಬೇರೊಬ್ಬನಿಂದಲೇ ಓಡಿಸುವವನು ಗ್ರಾಹಕನಲ್ಲ. 2019ರ ಲೀಲಾವತಿ ಕೀರ್ತಿಲಾಲ್ ಮೆಹತಾ ಟ್ರಸ್ಟಿನ ಮೊಕದ್ದಮೆಯಲ್ಲಿ, ಕೊಂಡುದರ ಪ್ರಧಾನ ಉದ್ದೇಶವನ್ನು ಆಯಾ ಸಂದರ್ಭಕ್ಕೆ ತಕ್ಕಂತೆ ನೋಡಬೇಕೆಂದು ಅದೇ ನ್ಯಾಯಾಲಯವು ಹೇಳಿತು. ಇದರಿಂದ ಒಂದು ವಿಷಮ ಪರಿಸ್ಥಿತಿ ಒದಗುತ್ತದೆ. ವಿಜಯನಗರದಲ್ಲಿ ತಾನೇ ಸ್ಟೀರಿಂಗ್ ಹಿಡಿಯುವ ಮಾಲೀಕನು ಗ್ರಾಹಕ ಆಯೋಗಕ್ಕೆ ಹೋಗಬಹುದು. ಗಂಡನು ತೀರಿಕೊಂಡ ಮೇಲೆ ಮನೆ ನಡೆಸಲು ಲಾರಿ ಕೊಂಡು ಚಾಲಕನನ್ನಿಟ್ಟು ಓಡಿಸುವ ಹೆಂಗಸಿಗೆ ಆ ದಾರಿ ಸುಗಮವಲ್ಲ. ಆಕೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕಾಗಬಹುದು. ಇಬ್ಬರ ಪಂಪೂ ಒಂದೇ, ನಷ್ಟವೂ ಒಂದೇ.

2019ರ ಅಧಿನಿಯಮವು ‘ಉತ್ಪನ್ನ ಹೊಣೆಗಾರಿಕೆ’ ಎಂಬ ಹೊಸ ಅಧ್ಯಾಯವನ್ನು ಸೇರಿಸಿದೆ. ಪಂಪಿನ ವಿವಾದಕ್ಕೆ ಇದು ನೆರವಾಗುವುದೆಂದು ತೋರಬಹುದು; ಆದರೆ ಅಲ್ಲಿಯ ‘ಹಾನಿ’ ಎಂಬ ಪದದ ವ್ಯಾಖ್ಯೆಯು ಉತ್ಪನ್ನಕ್ಕೇ ಆದ ಹಾನಿಯನ್ನೂ ವ್ಯಾಪಾರದ ನಷ್ಟವನ್ನೂ ಹೊರಗಿಟ್ಟಿದೆ. ಆದಕಾರಣ ಸರಕಿನ ‘ದೋಷ’ ಮತ್ತು ಸೇವೆಯ ‘ನ್ಯೂನತೆ’ ಎಂಬ ಹಳೆಯ ಆಧಾರಗಳ ಮೇಲೆಯೇ ದೂರನ್ನು ನಿಲ್ಲಿಸಬೇಕು. ಹೊಸ ಅಧಿನಿಯಮದ ಎರಡು ಅನುಕೂಲಗಳು ಮಾತ್ರ ಗಮನಾರ್ಹ. ದೂರುದಾರನು ತಾನು ವಾಸಿಸುವ ಊರಿನಲ್ಲಿಯೇ ದೂರು ಸಲ್ಲಿಸಬಹುದು. ತಯಾರಕರ ಕಚೇರಿ ಎಲ್ಲಿದ್ದರೂ ಚಿಂತೆಯಿಲ್ಲ. ಮತ್ತು 38ನೆಯ ಪ್ರಕರಣದ ಪ್ರಕಾರ, ಪರೀಕ್ಷೆಯಿಲ್ಲದೆ ದೋಷವನ್ನು ತಿಳಿಯಲಾಗದಿದ್ದಾಗ, ಆಯೋಗವು ಮಾದರಿಯನ್ನು ಮುದ್ರೆಯೊತ್ತಿಸಿ ಯೋಗ್ಯ ಪ್ರಯೋಗಾಲಯಕ್ಕೆ ಕಳುಹಿಸಿ 45 ದಿನಗಳೊಳಗೆ ವರದಿ ತರಿಸಬೇಕು. ಲೋಹವೋ ಇಂಧನವೋ ಎಂಬ ಪ್ರಶ್ನೆಗೆ ಹೊರಗಿನವರೊಬ್ಬರಿಂದ ಉತ್ತರ ಪಡೆಯಲು ಇರುವ ರಾಜಮಾರ್ಗ ಇದೇ. ದೂರಿಗೆ ಕಾರಣ ಹುಟ್ಟಿದಂದಿನಿಂದ ಎರಡು ವರ್ಷಗಳೊಳಗೆ ಇದನ್ನು ಬಳಸಿಕೊಳ್ಳಬೇಕು.

6. ಮೊದಲ ದಿನದ ಕರ್ತವ್ಯ

ಈ ರಾಜಮಾರ್ಗವು ಒಂದು ಷರತ್ತಿನ ಮೇಲೆ ನಿಂತಿದೆ: ಪರೀಕ್ಷಿಸಲು ಏನಾದರೂ ಉಳಿದಿರಬೇಕು. ಪಂಪು ಸರ್ವಿಸ್ ಕೇಂದ್ರದಲ್ಲಿ, ಡೀಸೆಲ್ ಟ್ಯಾಂಕಿನಿಂದ ಚೆಲ್ಲಿಹೋಗಿದೆ, ಫಿಲ್ಟರು ಕಸದ ಬುಟ್ಟಿಯಲ್ಲಿ, ನಿರಾಕರಣೆಯು ಬಾಯಿಮಾತಿನಲ್ಲಿ. ಈ ಸ್ಥಿತಿಯಲ್ಲಿ ಯಾವ ಪ್ರಯೋಗಾಲಯವೂ ಏನನ್ನೂ ಹೇಳಲಾರದು. ಆದುದರಿಂದ ಗಾಡಿ ನಿಂತ ದಿನವೇ ಮಾಡತಕ್ಕ ಕೆಲಸಗಳನ್ನು ಇಲ್ಲಿ ಹೇಳುವುದು ಉಚಿತ.

ಟ್ಯಾಂಕಿನ ಡೀಸೆಲನ್ನು ಚೆಲ್ಲುವ ಮುನ್ನ ಒಂದೊಂದು ಲೀಟರಿನಷ್ಟನ್ನು ಒಣಗಿದ ಶುದ್ಧ ಗಾಜಿನ ಅಥವಾ ಅಲ್ಯೂಮಿನಿಯಂ ಪಾತ್ರೆಗಳಲ್ಲಿ, ಸಾಧ್ಯವಾದರೆ ಸರ್ವಿಸ್ ಕೇಂದ್ರದವರ ಎದುರಿನಲ್ಲಿಯೇ, ತುಂಬಿ ಮುಚ್ಚಿ, ದಿನಾಂಕ ಬರೆದು, ಉಭಯರೂ ಸಹಿ ಮಾಡಬೇಕು. ಒಂದು ಅವರಿಗೆ, ಒಂದು ಮಾಲೀಕನಿಗೆ, ಒಂದು ಪ್ರಯೋಗಾಲಯಕ್ಕೆ. ಹಳೆಯ ಫಿಲ್ಟರನ್ನು ಹಾಗೆಯೇ ಚೀಲದಲ್ಲಿ ಕಟ್ಟಿಡಬೇಕು. ಪಂಪನ್ನು ತನ್ನ ಸಮ್ಮುಖದಲ್ಲಿ ಬಿಚ್ಚಬೇಕೆಂದು ಲಿಖಿತವಾಗಿ ಕೇಳಿ, ಬಿಚ್ಚಿದೊಡನೆಯೇ ಭಾಗಗಳ ಚಿತ್ರಗಳನ್ನು ತೆಗೆದು, ಅವನ್ನು ಎಣ್ಣೆ ಸವರಿ ಮುಚ್ಚಿಡಲು ಹೇಳಬೇಕು. ವಿದ್ಯುನ್ಮಾನ ಘಟಕದ ದಾಖಲೆಯ ಪ್ರತಿಯನ್ನು ಬೇಡಬೇಕು. ಬಂಕಿನ ರಸೀದಿಗಳನ್ನೂ ಸರ್ವಿಸ್ ಬಿಲ್ಲುಗಳನ್ನೂ ಒಂದೆಡೆ ಇಟ್ಟುಕೊಂಡಿರಬೇಕು. ಕೊನೆಯದಾಗಿ, ವಾರಂಟಿಯನ್ನು ನಿರಾಕರಿಸುವುದಾದರೆ ಕಾರಣವನ್ನೂ ಆ ಕಾರಣಕ್ಕೆ ಆಧಾರವಾದ ಪರೀಕ್ಷೆಯನ್ನೂ ಬರೆದುಕೊಡಬೇಕೆಂದು ಆಗ್ರಹಿಸಬೇಕು. ಪರೀಕ್ಷೆಯೇ ನಡೆಯದಿದ್ದಲ್ಲಿ ಈ ಒಂದು ಬೇಡಿಕೆಯಿಂದಲೇ ಆ ಸಂಗತಿ ಹೊರಬೀಳುತ್ತದೆ.

ಈ ಕ್ರಮವು ಮಾಲೀಕನ ಪಕ್ಷಪಾತಿಯೇನೂ ಅಲ್ಲ. ಇಂಧನವೇ ಕೆಟ್ಟದ್ದೆಂದು ವರದಿ ಬಂದರೆ ತಯಾರಕನು ಮುಕ್ತನಾಗುತ್ತಾನೆ. ಮಾಲೀಕನಿಗೆ ಬಂಕಿನ ಮೇಲೆ ದೂರಲು ಅದೇ ವರದಿ ಆಧಾರವಾಗುತ್ತದೆ. ಇಂಧನವು ಮಾನಕಕ್ಕೆ ಅನುಗುಣವಾಗಿದ್ದು ಕಣಗಳೆಲ್ಲ ಪಂಪಿನ ಉಕ್ಕೇ ಆಗಿದ್ದರೆ ‘ಕಲ್ಮಷ’ದ ವಾದ ಬಿದ್ದುಹೋಗುತ್ತದೆ. ಮಾಲೀಕನೇ ಬಿಡಿ ಎಣ್ಣೆ ತುಂಬಿಸಿದ್ದರೆ ಅದೂ ಗೊತ್ತಾಗುತ್ತದೆ. ಮೂರರಲ್ಲಿ ಯಾವುದು ಸತ್ಯವಾದರೂ ಅದು ತಿಳಿಯುವುದು ಎಲ್ಲರಿಗೂ ಹಿತ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಸಾರಾಂಶವಿಷ್ಟು. ಅಧಿಕ ಒತ್ತಡದ ಪಂಪು ಕೆಡಲು ಇಂಧನವೂ ಕಾರಣವಾಗಬಹುದು, ಪಂಪಿನ ರಚನೆಯೂ ಕಾರಣವಾಗಬಹುದು. ಎರಡನ್ನೂ ಬೇರ್ಪಡಿಸುವ ಪರೀಕ್ಷೆಗಳು ಇವೆ. ಕಾನೂನಿನಲ್ಲಿ ಆ ಪರೀಕ್ಷೆಗೆ ಸ್ಥಾನವೂ ಇದೆ. ಆದರೆ ವ್ಯವಹಾರದಲ್ಲಿ ನಿರ್ಣಯವು ಪ್ರಯೋಗಾಲಯಕ್ಕೆ ಹೋಗುವ ಮೊದಲೇ, ಪಂಪನ್ನು ಬಿಚ್ಚಿದ ಮೇಜಿನ ಮೇಲೆ, ಹಣ ಕೊಡಬೇಕಾದ ಪಕ್ಷದವರಿಂದಲೇ ಆಗಿಬಿಡುತ್ತದೆ. ಅವರು ಅಪ್ರಾಮಾಣಿಕರೆಂದು ಇದರ ಅರ್ಥವಲ್ಲ. ತನ್ನ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನಾಗುವುದು ಯಾರಿಗೂ ತರವಲ್ಲವೆಂಬುದಷ್ಟೇ. ನಮ್ಮ ತಾಂತ್ರಿಕ ವಿದ್ಯಾಲಯಗಳಲ್ಲಿ ಸೂಕ್ಷ್ಮದರ್ಶಕಗಳೂ ಧಾತು ವಿಶ್ಲೇಷಣೆಯ ಯಂತ್ರಗಳೂ ಇವೆ. ಲಾರಿಗಳು ಇಷ್ಟೊಂದು ಓಡಾಡುವ ಈ ನಗರದಲ್ಲಿ, ಸಾಮಾನ್ಯ ಮಾಲೀಕನೊಬ್ಬನು ಅಲ್ಪ ಶುಲ್ಕ ಕೊಟ್ಟು ಒಂದು ಚಿಟಿಕೆ ಲೋಹದ ಪುಡಿಯನ್ನು ತಂದು, “ಇದು ಎಲ್ಲಿಂದ ಬಂದಿತು?” ಎಂದು ಕೇಳಬಹುದಾದ ಬಾಗಿಲೊಂದು ವಿದ್ಯಾಲಯಗಳಲ್ಲಿ ತೆರೆದರೆ ಅದು ವಿದ್ಯೆಗೂ ಜನಕ್ಕೂ ಸಮಾನವಾಗಿ ಸಲ್ಲುವ ಸೇವೆಯಾದೀತು.